ಕಾರುಗಳ ವಿಮರ್ಶಕ ಯೋಸೆಫ್ ಗಾಂಟ್ಸ್

‘ಹಿಟ್ಲರನ ಕಾರನ್ನು ಕಂಡುಹಿಡಿದವನು ಒಬ್ಬ ಯಹೂದಿ.’ ಹತ್ತು ಹದಿನೈದು ವರ್ಷಗಳಿಂದ ಈ ವಾಕ್ಯ ಬೇರೆ ಬೇರೆ ರೂಪದಲ್ಲಿ ಓಡಾಡುತ್ತಿದೆ. ಕಾರು ಎಂದರೆ ಬೀಟಲ್: ಆಮೆಯ ಬೆನ್ನಿನಂಥ ಮೈ, ಹಿಂಬದಿಯಲ್ಲಿ ಎಂಜಿನ್, ಮುಂಭಾಗದಲ್ಲಿ ಡಿಕ್ಕಿ ಇರುವ ಹಳೆಯ ಫೋಕ್ಸ್‌ವ್ಯಾಗನ್. ಯಹೂದಿ ಎಂದರೆ ಯೋಸೆಫ್ ಗಾಂಟ್ಸ್. ಮೊದಲ ಸಲ ಓದಿದಾಗ ನಾನಿದನ್ನು ಪೂರ್ತಿ ನಂಬಿದೆ. ಹಾಸ್ಟೆಲಿನ ಮೆಸ್ಸಿನಲ್ಲಿ ಕೂತು ನಾಲ್ಕು ಜನಕ್ಕೆ ಹೇಳಿಯೂ ಬಿಟ್ಟೆ. ಕಥೆ ಅಷ್ಟು ಚೆನ್ನಾಗಿದೆ. ಕದ್ದವನು ಜಗತ್ತೇ ಒಪ್ಪುವ ಖಳ, ಕಳೆದುಕೊಂಡವನು ನಿರಪರಾಧಿ, ಕದ್ದ ಮಾಲು ಎರಡು ಕೋಟಿಗೂ ಹೆಚ್ಚು ತಯಾರಾಗಿ ಊರೂರು ತಿರುಗಿದ್ದು.

ಗಾಂಟ್ಸ್‌ನ ಬಗ್ಗೆ ಇನ್ನಷ್ಟು ಓದಿದ ಮೇಲೆ ಈ ವಾಕ್ಯದ ಬಗ್ಗೆ ಇರಿಸುಮುರಿಸು ಶುರುವಾಯಿತು. ಅದು ಬೇರೆ ಮೂರ್ನಾಲ್ಕು ಜನರ ಹೆಸರನ್ನು ನುಂಗಿ ಹಾಕುತ್ತದೆ. ಅದಕ್ಕಿಂತ ಹೆಚ್ಚಾಗಿ, ಗಾಂಟ್ಸ್ ನಿಜವಾಗಿ ಏನು ಮಾಡಿದ ಎಂಬುದನ್ನೇ ಮರೆಸುತ್ತದೆ. ಅವನು ಎಂಜಿನಿಯರ್ ಹೌದು, ಕಾರುಗಳನ್ನು ರೂಪಿಸಿದ್ದೂ ಹೌದು. ಆದರೆ ಅವನ ದೊಡ್ಡ ಕೆಲಸ ನಡೆದದ್ದು ಒಂದು ಪತ್ರಿಕೆಯ ಸಂಪಾದಕನ ಮೇಜಿನ ಮೇಲೆ.

ಗಾಂಟ್ಸ್ ಹುಟ್ಟಿದ್ದು 1898ರಲ್ಲಿ, ಬುಡಾಪೆಸ್ಟ್‌ನ ಒಂದು ಯಹೂದಿ ಕುಟುಂಬದಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ. ಕುಟುಂಬ ವಿಯೆನ್ನಾಕ್ಕೆ, ಅಲ್ಲಿಂದ ಜರ್ಮನಿಗೆ ಬಂತು. ಹುಡುಗ ಜರ್ಮನ್ ಪೌರನಾದ, ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರ ಸ್ವಯಂಸೇವಕನಾಗಿ ಸೇನೆ ಸೇರಿದ, ಯುದ್ಧ ಮುಗಿದ ಮೇಲೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು ಕೂತ. 1923ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಸಾಮಾನ್ಯ ಜನ ಕೊಳ್ಳಬಹುದಾದ ಒಂದು ಸಣ್ಣ, ಹಗುರ ಕಾರಿನ ನಕ್ಷೆ ಬರೆದ. ಅದನ್ನು ಕಟ್ಟಿ ತೋರಿಸಲು ಕೈಯಲ್ಲಿ ಕಾಸಿರಲಿಲ್ಲ. ಹಾಗಾಗಿ ಲೇಖನ ಬರೆಯಲು ತೊಡಗಿದ.

ನನಗೆ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸುವುದು ಇದೇ ಸಂಗತಿ. ಕಾರ್ಖಾನೆಯವರು ಮೊದಲು ವಸ್ತುವನ್ನು ಮಾಡುತ್ತಾರೆ, ಆಮೇಲೆ ಅದರ ಬಗ್ಗೆ ಜಾಹೀರಾತು ಬರೆಸುತ್ತಾರೆ. ಗಾಂಟ್ಸ್ ಇಲ್ಲದ ಕಾರಿನ ಬಗ್ಗೆ ವರ್ಷಗಟ್ಟಲೆ ಬರೆದ. 1928ರಲ್ಲಿ ಫ್ರಾಂಕ್‌ಫರ್ಟ್‌ನ ‘ಕ್ಲೈನ್-ಮೋಟರ್-ಸ್ಪೋರ್ಟ್’ ಎಂಬ ಪತ್ರಿಕೆ ಅವನ ಕೈಗೆ ಬಂತು. ಸಣ್ಣ ಕಾರು, ಮೋಟರ್‌ಸೈಕಲ್‌ಗಳ ಹುಚ್ಚಿದ್ದವರು ಓದುವ ಪತ್ರಿಕೆ ಅದು. 1929ರ ಆರಂಭದಲ್ಲಿ ಅವನು ಅದರ ಹೆಸರನ್ನು ‘ಮೋಟರ್-ಕ್ರಿಟಿಕ್’ ಎಂದು ಬದಲಿಸಿದ. ‘ಮೋಟಾರು ವಿಮರ್ಶೆ’ ಎಂದು ನಾವು ಹೇಳಬಹುದು. ಸಾಹಿತ್ಯಕ್ಕೆ ವಿಮರ್ಶೆ ಇರುತ್ತದೆ, ನಾಟಕಕ್ಕೆ ಇರುತ್ತದೆ. ಯಂತ್ರಕ್ಕೂ ಒಂದು ನಿಷ್ಠುರ ವಿಮರ್ಶೆ ಬೇಕು ಎಂಬ ಹಟ ಆ ಹೆಸರಿನಲ್ಲೇ ಇದೆ.

ಅವನ ತಕರಾರು ಅರ್ಥವಾಗಬೇಕಾದರೆ ಕಾರಿನ ಅಡಿಗೆ ಸ್ವಲ್ಪ ಬಗ್ಗಿ ನೋಡಬೇಕು. ಎತ್ತಿನಗಾಡಿಯಲ್ಲಿ ಎರಡು ಚಕ್ರಗಳ ನಡುವೆ ಒಂದೇ ಇರುಸು. ಒಂದು ಚಕ್ರ ಗುಂಡಿಗೆ ಇಳಿದರೆ ಇಡೀ ಗಾಡಿ ವಾಲುತ್ತದೆ. 1920ರ ದಶಕದ ಹೆಚ್ಚಿನ ಕಾರುಗಳ ಸ್ಥಿತಿಯೂ ಇದೇ. ಉಕ್ಕಿನ ಗಟ್ಟಿ ಆಕ್ಸಲ್, ಅದರ ಮೇಲೆ ಏಣಿಯಂಥ ಭಾರವಾದ ಚಾಸಿ, ಮುಂದೆ ಎಂಜಿನ್, ಅಲ್ಲಿಂದ ಹಿಂದಿನ ಚಕ್ರಗಳವರೆಗೆ ಶಕ್ತಿ ಒಯ್ಯಲು ಉದ್ದನೆಯ ಸರಳು. ಕುದುರೆಗಾಡಿಯಿಂದ ಕುದುರೆ ಬಿಚ್ಚಿ ಎಂಜಿನ್ ಕಟ್ಟಿದ ಹಾಗೆ. ಸಣ್ಣ ಕಾರು ಮಾಡುವುದೆಂದರೆ ಇದನ್ನೇ ಕುಗ್ಗಿಸಿ ಮಾಡುವುದು ಎಂದು ಕಂಪನಿಗಳು ತಿಳಿದಿದ್ದವು. ಕುಗ್ಗಿಸಿದರೂ ತೂಕ ಅಷ್ಟಾಗಿ ಇಳಿಯುತ್ತಿರಲಿಲ್ಲ, ಬೆಲೆಯೂ ಇಳಿಯುತ್ತಿರಲಿಲ್ಲ.

ಸಣ್ಣ ಕಾರನ್ನು ಬುಡದಿಂದಲೇ ಬೇರೆಯಾಗಿ ಯೋಚಿಸಬೇಕು ಎಂಬುದು ಗಾಂಟ್ಸ್‌ನ ವಾದ. ಏಣಿಯ ಬದಲು ನಡುವೆ ಬೆನ್ನುಮೂಳೆಯಂಥ ಒಂದೇ ಕೊಳವೆ ಸಾಕು. ಪ್ರತಿ ಚಕ್ರವೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡಲಿ. ಹಿಂದಿನ ಆಕ್ಸಲ್ ಎರಡು ತುಂಡಾಗಿ, ಹಕ್ಕಿಯ ರೆಕ್ಕೆಯಂತೆ ನಡುವಿನಿಂದ ಬಾಗಲಿ. ಎಂಜಿನ್ ಹಿಂದಿನ ಚಕ್ರಗಳ ಹತ್ತಿರವೇ ಕೂರಲಿ, ಉದ್ದನೆಯ ಸರಳು ಬೇಡ. ಮೈ ಗಾಳಿಯನ್ನು ಸೀಳಿಕೊಂಡು ಹೋಗುವಂತಿರಲಿ. ಒಂದನ್ನು ಹಗುರ ಮಾಡಿದರೆ ಇನ್ನೊಂದೂ ಹಗುರವಾಗುತ್ತದೆ, ಆಗ ಚಿಕ್ಕ ಎಂಜಿನ್ನೇ ಸಾಕಾಗುತ್ತದೆ, ಮೋಟರ್‌ಸೈಕಲ್‌ಗೆ ತೃಪ್ತಿಪಡಬೇಕಾದ ಸಂಬಳದಾರನ ಕೈಗೂ ಕಾರು ಎಟುಕುತ್ತದೆ.

ಇದನ್ನು ಅವನು ಮೆತ್ತಗೆ ಹೇಳಲಿಲ್ಲ. ಹೊಸ ಮಾದರಿಗಳು ಬಂದಾಗ ಹಳೆಯ ಸರಕು ಎಂದು ಮುಖಕ್ಕೆ ಹೊಡೆದಂತೆ ಬರೆದ. ಕಂಪನಿಗಳು ಜಾಹೀರಾತು ನಿಲ್ಲಿಸಿದವು, ಮೊಕದ್ದಮೆ ಹೂಡಿದವು, ಅಪಪ್ರಚಾರ ಮಾಡಿದವು. ಜಗಳ ಹೆಚ್ಚಾದಷ್ಟೂ ಪತ್ರಿಕೆಗೆ ಹೆಸರು ಬಂತು. ಕೊನೆಗೆ ಬೈಸಿಕೊಂಡವರೇ ಅವನನ್ನು ಕರೆದರು. 1930ರಲ್ಲಿ ಮೋಟರ್‌ಸೈಕಲ್ ಕಂಪನಿಯಾದ ಆರ್ಡಿ ಅವನ ವಿನ್ಯಾಸದ ಒಂದು ಪ್ರಾಯೋಗಿಕ ಕಾರು ಕಟ್ಟಿಸಿತು. 1931ರಲ್ಲಿ ಫ್ರಾಂಕ್‌ಫರ್ಟ್‌ನ ಆಡ್ಲರ್ ಕಂಪನಿಯಲ್ಲಿ ಇನ್ನೊಂದು ಸಿದ್ಧವಾಯಿತು. ಅದರ ಅಡ್ಡಹೆಸರು ಮೈಕೇಫರ್. ಮೇ ತಿಂಗಳಲ್ಲಿ ಕಾಣಿಸಿಕೊಳ್ಳುವ ಒಂದು ದುಂಬಿಗೆ ಜರ್ಮನ್ನರು ಕರೆಯುವ ಹೆಸರು ಅದು. ಅದೇ ವರ್ಷ ಡೈಮ್ಲರ್-ಬೆಂಜ್ ಮತ್ತು ಬಿಎಂಡಬ್ಲ್ಯು ಎರಡೂ ಅವನನ್ನು ಸಲಹೆಗಾರನಾಗಿ ನೇಮಿಸಿಕೊಂಡವು. ವಿಮರ್ಶಕನ ಮಾತನ್ನು ಲೇಖಕರು ಇಷ್ಟು ಬೇಗ ಕೇಳಿಸಿಕೊಂಡ ಉದಾಹರಣೆ ನಮ್ಮ ಸಾಹಿತ್ಯದಲ್ಲಂತೂ ನನಗೆ ಹೊಳೆಯುತ್ತಿಲ್ಲ.

1933ರ ಫೆಬ್ರುವರಿಯಲ್ಲಿ ಬರ್ಲಿನ್‌ನಲ್ಲಿ ಮೋಟಾರು ಪ್ರದರ್ಶನ ನಡೆಯಿತು. ಅಲ್ಲಿ ಸ್ಟಾಂಡರ್ಡ್ ಎಂಬ ಕಂಪನಿ ‘ಸುಪೀರಿಯರ್’ ಎಂಬ ಪುಟ್ಟ ಕಾರನ್ನು ಇಟ್ಟಿತ್ತು. ಗಾಂಟ್ಸ್‌ನ ಪೇಟೆಂಟುಗಳ ಮೇಲೆ ಕಟ್ಟಿದ್ದು. ಬೆನ್ನುಮೂಳೆಯ ಚಾಸಿ, ಸ್ವತಂತ್ರವಾಗಿ ಆಡುವ ಚಕ್ರಗಳು, ಹಿಂದಿನ ಆಕ್ಸಲ್‌ಗೆ ತಾಗಿದಂತೆ 396 ಸಿಸಿಯ ಎರಡು ಸಿಲಿಂಡರ್ ಎಂಜಿನ್, ಮರದ ಚೌಕಟ್ಟಿನ ಮೈಗೆ ಕೃತಕ ಚರ್ಮದ ಹೊದಿಕೆ. ಬೆಲೆ 1,590 ಮಾರ್ಕ್. ಕಂಪನಿಯ ಜಾಹೀರಾತಿನಲ್ಲಿ ಅದನ್ನು ‘ಜರ್ಮನ್ ಫೋಕ್ಸ್‌ವ್ಯಾಗನ್’, ಅಂದರೆ ಜರ್ಮನಿಯ ಜನರ ಕಾರು ಎಂದು ಕರೆದಿದ್ದರು. ಆಗ ಆ ಪದ ಯಾರ ಸ್ವತ್ತೂ ಆಗಿರಲಿಲ್ಲ. ಪ್ರದರ್ಶನವನ್ನು ಉದ್ಘಾಟಿಸಿದವನು ಅಡಾಲ್ಫ್ ಹಿಟ್ಲರ್. ಅವನು ಚಾನ್ಸಲರ್ ಆಗಿ ಇನ್ನೂ ಎರಡು ವಾರ ತುಂಬಿರಲಿಲ್ಲ.

ಮೇ ತಿಂಗಳಲ್ಲಿ ಗೆಸ್ಟಪೊ ಗಾಂಟ್ಸ್‌ನನ್ನು ಬಂಧಿಸಿತು. ಮೋಟಾರು ಉದ್ಯಮವನ್ನು ಬೆದರಿಸಿ ಹಣ ಕಿತ್ತ ಎಂಬುದು ಆರೋಪ. ಕಟುವಾಗಿ ಬರೆದು, ಆಮೇಲೆ ಅದೇ ಕಂಪನಿಗಳಿಂದ ಸಲಹೆಗಾರನ ಸಂಬಳ ಪಡೆದಿದ್ದನಲ್ಲ; ವಿಮರ್ಶೆಯನ್ನು ಬ್ಲ್ಯಾಕ್‌ಮೇಲ್ ಎಂದು ಓದಿದರೆ ಕೇಸು ಸಿದ್ಧ. ಸ್ವಲ್ಪ ದಿನಗಳಲ್ಲಿ ಬಿಡುಗಡೆಯಾಯಿತು. ಆದರೆ ಹೊರಗೆ ಬರುವಷ್ಟರಲ್ಲಿ ಸಲಹೆಗಾರಿಕೆ ಇಲ್ಲ, ಸಂಪಾದಕತ್ವ ಇಲ್ಲ. ಅವನೇ ಹೆಸರಿಟ್ಟ ಪತ್ರಿಕೆಯಲ್ಲಿ ಅವನ ಹೆಸರು ಕಾಣಿಸಿಕೊಳ್ಳುವಂತಿರಲಿಲ್ಲ.

1934ರ ಜೂನ್‌ನಲ್ಲಿ ಅವನು ಜರ್ಮನಿ ಬಿಟ್ಟ. ಅದೇ ತಿಂಗಳ 22ರಂದು ಜರ್ಮನ್ ಮೋಟಾರು ಉದ್ಯಮಿಗಳ ಸಂಘ ‘ಜನರ ಕಾರು’ ರೂಪಿಸಲು ಫರ್ಡಿನಾಂಡ್ ಪೋರ್ಷೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಕಾರಿನ ಬೆಲೆ ಸಾವಿರ ಮಾರ್ಕ್‌ಗಿಂತ ಕಡಿಮೆ ಇರಬೇಕೆಂಬುದು ಹಿಟ್ಲರನ ಹಟ.

ಎರಡು ತಾರೀಕುಗಳು ಇಷ್ಟು ಹತ್ತಿರ ಬಂದಾಗ ಅವನ್ನು ದಾರ ಹಾಕಿ ಕಟ್ಟುವ ಆಸೆ ಯಾರಿಗಾದರೂ ಆಗುತ್ತದೆ. ಇತಿಹಾಸ ಓದುವವರು ಇಂಥ ಕಡೆಯೇ ಕೈ ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಪೋರ್ಷೆ 1931ರಿಂದಲೇ ಝುಂಡಾಪ್ ಕಂಪನಿಗಾಗಿ, ಆಮೇಲೆ ಎನ್‌ಎಸ್‌ಯುಗಾಗಿ ಹಿಂಬದಿ ಎಂಜಿನ್ನಿನ ಸಣ್ಣ ಕಾರುಗಳ ಮೇಲೆ ಕೆಲಸ ಮಾಡುತ್ತಿದ್ದ. ಮುರಿದು ಆಡುವ ಆಕ್ಸಲ್ ಗಾಂಟ್ಸ್‌ನದೂ ಅಲ್ಲ, ಪೋರ್ಷೆಯದೂ ಅಲ್ಲ. ಎಡ್ಮಂಡ್ ರುಂಪ್ಲರ್ 1900ರ ದಶಕದಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ನೀರಿನ ಹನಿಯ ಆಕಾರದ ಅವನ ಕಾರು 1921ರಲ್ಲಿ ಬರ್ಲಿನ್ನಿನ ಜನರನ್ನು ಬೆರಗುಗೊಳಿಸಿತ್ತು. ರುಂಪ್ಲರ್ ಕೂಡ ಯಹೂದಿ, ಅವನನ್ನೂ 1933ರಲ್ಲಿ ಸೆರೆಗೆ ತಳ್ಳಲಾಯಿತು. ಬೆನ್ನುಮೂಳೆಯ ಚಾಸಿಯನ್ನು 1923ರಲ್ಲಿ ರಸ್ತೆಗೆ ತಂದದ್ದು ಚೆಕೊಸ್ಲೊವಾಕಿಯದ ಟಾಟ್ರಾ ಕಂಪನಿಯ ಹಾನ್ಸ್ ಲೆಡ್ವಿಂಕಾ. ಗಾಂಟ್ಸ್ ಟಾಟ್ರಾ ಕಾರುಗಳನ್ನು ಮನಸಾರೆ ಮೆಚ್ಚಿ ಬರೆದವನು. ವಿಯೆನ್ನಾದ ವಿದ್ಯಾರ್ಥಿ ಬೇಲಾ ಬರೇನಿ 1920ರ ದಶಕದಲ್ಲಿ ಬರೆದ ನಕ್ಷೆಗಳು ಬೀಟಲ್ ವಿನ್ಯಾಸಕ್ಕೆ ಎಷ್ಟು ಹತ್ತಿರವಿದ್ದವೆಂದರೆ, 1950ರ ದಶಕದಲ್ಲಿ ಜರ್ಮನಿಯ ನ್ಯಾಯಾಲಯ ಅವನ ಹಕ್ಕನ್ನು ಮನ್ನಿಸಿತು. ಟಾಟ್ರಾ ಎತ್ತಿದ್ದ ತಕರಾರು ಹಿಟ್ಲರನ ಸೈನ್ಯ ಚೆಕೊಸ್ಲೊವಾಕಿಯವನ್ನು ನುಂಗಿದಾಗ ಬಾಯಿ ಮುಚ್ಚಿತು. 1960ರ ದಶಕದಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಅದಕ್ಕೂ ಪರಿಹಾರ ಕೊಟ್ಟಿತು.

ಬೀಟಲ್ ಎಂಬುದು, ನನ್ನ ಮಟ್ಟಿಗೆ, ಜಾನಪದ ಕಥೆಯ ಹಾಗೆ. ಆಶಯಗಳು ಒಂದು ಪ್ರದೇಶದಲ್ಲಿ ಬಾಯಿಂದ ಬಾಯಿಗೆ ಓಡಾಡುತ್ತಿದ್ದವು, ಯಾರೋ ಅವನ್ನು ಒಂದು ರೂಪದಲ್ಲಿ ಕಟ್ಟಿ ಹೇಳಿದರು. ಕರ್ತೃವನ್ನು ಹುಡುಕುವುದು ವ್ಯರ್ಥ. ಆದರೆ ಆ ಆಶಯಗಳು ಓಡಾಡುವಂತೆ ಮಾಡಿದವರು ಯಾರು ಎಂದು ಕೇಳಬಹುದು. ಅಲ್ಲಿ ಗಾಂಟ್ಸ್‌ನ ಪತ್ರಿಕೆಗೆ ಸಿಗಬೇಕಾದ ಜಾಗವನ್ನು ಯಾರೂ ಕಿತ್ತುಕೊಳ್ಳಲಾರರು. ಬಿಡಿಬಿಡಿಯಾಗಿ ಇದ್ದ ತಂತ್ರಗಳನ್ನು ಸೇರಿಸಿ, ಇವೆಲ್ಲ ಕೂಡಿದರೆ ಬಡವನಿಗೊಂದು ಕಾರು ಆಗುತ್ತದೆ ಎಂದು ವಾರಗಟ್ಟಲೆ ವರ್ಷಗಟ್ಟಲೆ ಜಗಳವಾಡಿದ್ದು ಅವನು. ವಸ್ತುವಿಗೆ ಪೇಟೆಂಟ್ ಇರುತ್ತದೆ, ಇಂಥ ವಾದಕ್ಕೆ ಇರುವುದಿಲ್ಲ.

ಅವನ ವಾದದಲ್ಲಿ ಐಬೂ ಇತ್ತು. ಮುರಿದು ಆಡುವ ಆಕ್ಸಲ್ ಹಗುರವಾದ ನಿಧಾನದ ಕಾರಿಗೆ ಹೊಂದುತ್ತದೆ. ವೇಗ ಹೆಚ್ಚಾದಾಗ, ತಿರುವಿನಲ್ಲಿ ಹೊರಗಿನ ಚಕ್ರ ಒಳಕ್ಕೆ ಮಡಚಿಕೊಂಡು ಕಾರಿನ ಹಿಂಭಾಗ ಕೈತಪ್ಪುವ ಅಪಾಯವಿದೆ. 1965ರಲ್ಲಿ ಅಮೆರಿಕದ ರಾಲ್ಫ್ ನೇಡರ್ ಬರೆದ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕದ ಮೊದಲ ಆರೋಪಿ ಶೆವ್ರೊಲೆ ಕೊರ್ವೇರ್. ಹಿಂದೆ ಎಂಜಿನ್, ಇದೇ ಬಗೆಯ ಆಕ್ಸಲ್. ಒಂದು ಪೀಳಿಗೆಯ ಕಾರು ವಿಮರ್ಶಕ ಎತ್ತಿ ಹಿಡಿದದ್ದನ್ನು ಇನ್ನೊಂದು ಪೀಳಿಗೆಯ ವಿಮರ್ಶಕ ಕಟಕಟೆಗೆ ಎಳೆದ.

ಹಿಟ್ಲರನ ‘ಜನರ ಕಾರು’ ಮಾತ್ರ ಯುದ್ಧಕ್ಕೆ ಮುಂಚೆ ಜನರನ್ನು ಮುಟ್ಟಲೇ ಇಲ್ಲ. ವಾರಕ್ಕೆ 5 ಮಾರ್ಕ್‌ನ ಸ್ಟಾಂಪ್ ಕೊಂಡು ಕಾರ್ಡಿಗೆ ಅಂಟಿಸುವ ಉಳಿತಾಯ ಯೋಜನೆಗೆ ಸುಮಾರು 3,36,000 ಜನ ಸೇರಿದ್ದರು. ಅವರಲ್ಲಿ ಒಬ್ಬರಿಗೂ ಆ ಯೋಜನೆಯಿಂದ ಕಾರು ಸಿಗಲಿಲ್ಲ. ಕಾರ್ಖಾನೆ ಸೈನ್ಯಕ್ಕೆ ವಾಹನ ಮಾಡಿತು, ಯುದ್ಧದ ವರ್ಷಗಳಲ್ಲಿ ಅಲ್ಲಿ ಸುಮಾರು 20,000 ಜನರನ್ನು ಬಲವಂತದ ದುಡಿಮೆಗೆ ಹಚ್ಚಲಾಯಿತು. ಅವರಲ್ಲಿ ಯಾತನಾ ಶಿಬಿರಗಳ ಕೈದಿಗಳೂ ಇದ್ದರು. ‘ಹಿಟ್ಲರನ ಕಾರು’ ಎಂದು ಸಲೀಸಾಗಿ ಹೇಳುವಾಗ ಈ ಜನ ಯಾರ ನೆನಪಿಗೂ ಬರುವುದಿಲ್ಲ.

ಗಾಂಟ್ಸ್ ಸ್ವಿಟ್ಜರ್‌ಲೆಂಡಿನಲ್ಲಿ ಮತ್ತೆ ಶುರು ಮಾಡಿದ. ಅಲ್ಲೂ ಅದೇ ಕನಸು, ಸ್ವಿಸ್ ಜನರಿಗೊಂದು ಸಣ್ಣ ಕಾರು. ಯುದ್ಧ ಮುಗಿದ ಮೇಲೆ ರ‍್ಯಾಪಿಡ್ ಎಂಬ ಕಂಪನಿ ಅದನ್ನು ಕೆಲವೇ ಡಜನ್ ಸಂಖ್ಯೆಯಲ್ಲಿ ತಯಾರಿಸಿತು. ವಿನ್ಯಾಸದ ಹಕ್ಕು ಯಾರದು ಎಂಬ ವ್ಯಾಜ್ಯಗಳಲ್ಲಿ ವರ್ಷಗಳು ಹೋದವು. 1951ರಲ್ಲಿ ಆಸ್ಟ್ರೇಲಿಯಕ್ಕೆ ಹಡಗು ಹತ್ತಿದ. ಮೆಲ್ಬರ್ನ್‌ನಲ್ಲಿ ಹೋಲ್ಡನ್ ಕಾರು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹೋಲ್ಡನ್ ಕಾರುಗಳಿಗೆ ಎಂಜಿನ್ ಮುಂದೆ, ಹಿಂದೆ ಗಟ್ಟಿ ಆಕ್ಸಲ್. ಬೈದು ಬೈದು ಹೆಸರು ಮಾಡಿದ ಮಾದರಿಯ ನಡುವೆಯೇ ಅವನು ಸಂಬಳಕ್ಕೆ ಕೂತ. ಮೋಟರ್-ಕ್ರಿಟಿಕ್‌ನ ಸಂಪಾದಕ ಆಗ ತನ್ನೊಳಗೆ ಏನೆಂದುಕೊಂಡಿರಬಹುದು ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಹೃದಯಾಘಾತಗಳು ಅವನನ್ನು ಹಾಸಿಗೆ ಹಿಡಿಸಿದವು. 1960ರ ದಶಕದ ಮಧ್ಯದಲ್ಲಿ ಪಶ್ಚಿಮ ಜರ್ಮನಿ ಸರ್ಕಾರ ಅವನಿಗೊಂದು ಗೌರವ ಪದಕ ಕೊಡಲು ಮುಂದಾಯಿತು. ಅಷ್ಟರಲ್ಲಿ ಗಾಂಟ್ಸ್ ಆಸ್ಟ್ರೇಲಿಯದ ಪೌರನಾಗಿದ್ದ. ಪರದೇಶದ ಪದಕವನ್ನು ಪೌರರು ಸ್ವೀಕರಿಸಲು ಅಲ್ಲಿನ ನಿಯಮ ಅಡ್ಡ ಬಂತು. ಅವನು ತೀರಿಕೊಂಡದ್ದು 1967ರ ಜುಲೈನಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ, ಮ್ಯೂನಿಕ್‌ನಲ್ಲಿ, ಲೆಡ್ವಿಂಕಾ ತೀರಿಕೊಂಡಿದ್ದ. ಬೀಟಲ್ ಫೋರ್ಡ್ ಕಂಪನಿಯ ಮಾಡೆಲ್ ಟಿ ದಾಖಲೆಯನ್ನು ಮುರಿದದ್ದು ಅದಾದ ಐದು ವರ್ಷಕ್ಕೆ, 1972ರ ಫೆಬ್ರುವರಿ 17ರಂದು. ಕಾರ್ಖಾನೆಯಿಂದ ಆ ದಿನ ಹೊರಬಂದ ಕಾರಿನ ಸಂಖ್ಯೆ 1,50,07,034.