ಪದದ ದೋಷದಿಂದ ಪದದ ಒಡೆತನದವರೆಗೆ

ಕಾವ್ಯದಲ್ಲಿ ಈ ಪದವೇ ಏಕೆ ಬಂತು ಎಂದು ಕೇಳುವ ಅಭ್ಯಾಸ ಕನ್ನಡಕ್ಕೆ ಹೊಸದಲ್ಲ. ಕನ್ನಡದ ಮೊದಲ ಉಪಲಬ್ಧ ಗ್ರಂಥವೆಂದು ಎಣಿಸುವ 'ಕವಿರಾಜಮಾರ್ಗ'ವೇ (ಸು. 850) ಅದನ್ನು ಕೈಗೆತ್ತಿಕೊಂಡಿತು. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷವಿಚಾರ. ಶಬ್ದಾಲಂಕಾರ, ಅರ್ಥಾಲಂಕಾರಗಳ ಸರದಿ ಆಮೇಲೆ. ದಂಡಿಯ 'ಕಾವ್ಯಾದರ್ಶ' ಮಾದರಿಯಾದರೂ ಕನ್ನಡ, ಸಂಸ್ಕೃತ ಪದಗಳ ಬೆರಕೆಯ ಚಿಂತೆ 'ಕವಿರಾಜಮಾರ್ಗ'ದ ಕರ್ತೃ ಶ್ರೀವಿಜಯನದೇ. ಹೊಂದದ ಸಮಾಸವನ್ನು ಅವನು ಕುದಿಯುವ ಹಾಲಿಗೆ ಬಿದ್ದ ಮಜ್ಜಿಗೆಯ ಹನಿಗೆ ಹೋಲಿಸುತ್ತಾನೆ. ಎರಡನೆಯ ನಾಗವರ್ಮನ 'ಕಾವ್ಯಾವಲೋಕನ'ವೂ ವ್ಯಾಕರಣದಿಂದಲೇ ಆರಂಭವಾಗುತ್ತದೆ. ಪದ ಶುದ್ಧವಾಗದೆ ಅಲಂಕಾರದ ಮಾತಿಲ್ಲ ಎಂಬುದು ಈ ಗ್ರಂಥಗಳ ನಿಲುವು.

'ಕವಿರಾಜಮಾರ್ಗ' ಹುಟ್ಟಿದ ಒಂಬತ್ತನೆಯ ಶತಮಾನದಲ್ಲೇ ಕಾಶ್ಮೀರದ ಆನಂದವರ್ಧನ ಪ್ರಶ್ನೆಯ ದಿಕ್ಕನ್ನೇ ಬದಲಿಸಿದ. ಪದ ಏನು ಹೇಳುತ್ತದೆ ಎಂಬುದಕ್ಕಿಂತ ಏನನ್ನು ಹೊಳೆಯಿಸುತ್ತದೆ ಎಂಬುದೇ ಮುಖ್ಯವಾಯಿತು. 'ಕವಿರಾಜಮಾರ್ಗ' ಅಲಂಕಾರಗಳ ಸಾಲಿನಲ್ಲಿ ಇರಿಸಿದ ಧ್ವನಿಯನ್ನು, ಎಂದರೆ ಈ ಹೊಳಹನ್ನು, ಅವನು ಕಾವ್ಯದ ಆತ್ಮವೆಂದ. ಮುಂದೆ ಕಾವ್ಯಮೀಮಾಂಸಕ ಕುಂತಕ ವರ್ಣ, ಪ್ರಕೃತಿ, ಪ್ರತ್ಯಯಗಳಿಂದ ಹಿಡಿದು ಇಡೀ ಪ್ರಬಂಧದವರೆಗೆ ವಕ್ರತೆಯನ್ನು, ಎಂದರೆ ಮಾತಿನ ವಿಶಿಷ್ಟ ತಿರುವನ್ನು, ಆರು ಮಟ್ಟಗಳಲ್ಲಿ ಗುರುತಿಸಿದ. ಒಂದು ಪ್ರತ್ಯಯದಲ್ಲೂ ಕವಿಯ ಕೈಚಳಕವನ್ನು ಕಾಣುವ ಈ ವಿಧಾನ ಆಧುನಿಕ ಶೈಲಿಶಾಸ್ತ್ರಕ್ಕೆ ಬಹಳ ಹತ್ತಿರದ್ದು.

ಈ ಪರಂಪರೆಯನ್ನೆಲ್ಲ ಹೊಸಗನ್ನಡದ ಓದುಗರ ಕೈಗಿಟ್ಟದ್ದು ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' (1953). ಇಂಗ್ಲೆಂಡಿನಲ್ಲಿ ಐ.ಎ. ರಿಚರ್ಡ್ಸ್ (1929), ವಿಲಿಯಂ ಎಂಪ್ಸನ್ (1930) ಆರಂಭಿಸಿದ್ದ ನಿಕಟ ಓದು ನವ್ಯ ಪಂಥದ ಲೇಖಕರ ಮೂಲಕ ಇಲ್ಲಿ ಬೇರುಬಿಟ್ಟಿತು. ನವ್ಯದ ಪ್ರಮುಖ ಕವಿ ಗೋಪಾಲಕೃಷ್ಣ ಅಡಿಗರ ಕಾವ್ಯ ಅಂಥ ಓದನ್ನೇ ಬೇಡುತ್ತಿತ್ತು. ಅಲಂಕಾರಗಳ ಹೆಸರು ಹಿಂದೆ ಸರಿದು ಪ್ರತಿಮೆ, ಸಂಕೇತ, ವ್ಯಂಗ್ಯ ಮುಂದೆ ಬಂದವು. ಪದವನ್ನು ಕವಿತೆಯ ಒಟ್ಟು ಬಂಧದಲ್ಲಿಟ್ಟು ನೋಡಿದ್ದು ನವ್ಯದ ಲಾಭ. ಕಂಡದ್ದನ್ನೆಲ್ಲ ಸಂಕೇತವೆಂದು ಬಗೆದದ್ದು ಅದರ ಅತಿ.

ನಂತರದ ಹಾದಿ ಎರಡು ಕವಲಾಯಿತು. ಒಂದು, ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ ಅವರ 1960ರ ಪ್ರಬಂಧದಿಂದ ಬಲ ಪಡೆದ ಭಾಷಾವಿಜ್ಞಾನದ ದಾರಿ. ಕನ್ನಡದಲ್ಲಿ ವಿಮರ್ಶಕ ಕೆ.ವಿ. ನಾರಾಯಣ ಅವರು ಧ್ವನಿ ವಿಚಾರವನ್ನೂ ಶೈಲಿ ವಿಚಾರವನ್ನೂ ಒಟ್ಟಿಗೆ ಕೆಣಕಿದರು. ಇನ್ನೊಂದು ದಲಿತ–ಬಂಡಾಯದ ದಾರಿ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' (1975) ಬೀದಿಯ ಮಾತನ್ನು, ದೇವನೂರ ಮಹಾದೇವರ 'ಕುಸುಮಬಾಲೆ' (1984) ನಂಜನಗೂಡು ಸೀಮೆಯ ಆಡುನುಡಿಯನ್ನು ತಂದಾಗ, ಪದ ಯಾರದು, ಯಾರ ಬಾಯಿಂದ ಬಂತು ಎಂಬ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರು ನಿಂತಿತು. ಗ್ರಾಮ್ಯವೆಂದು ದೋಷಪಟ್ಟಿ ಸೇರಬಹುದಾಗಿದ್ದ ನುಡಿಯೇ ಇಲ್ಲಿ ಕೃತಿಯ ಸತ್ವ.

ಶುದ್ಧಿ, ಧ್ವನಿ, ಬಂಧ, ಒಡೆತನ: ಈ ನಾಲ್ಕು ಪ್ರಶ್ನೆಗಳಲ್ಲಿ ಯಾವುದೂ ಹಿಂದಿನದನ್ನು ರದ್ದುಮಾಡಿಲ್ಲ. ಇಂದಿನ ವಿಮರ್ಶೆ ಕೊನೆಯದರಲ್ಲಿ ಪಳಗಿದೆ, ಮೊದಲ ಮೂರರಲ್ಲಿ ಸೋಮಾರಿಯಾಗಿದೆ. ಕೃತಿಯ ನಿಲುವನ್ನು ತೂಗುವ ಮೊದಲು ಅದರ ಪದಗಳನ್ನು ತೂಗುವುದನ್ನು ನಮ್ಮ ತರಗತಿಗಳು ಮತ್ತೆ ಕಲಿಸಬೇಕು.