ಓಡೋ ದಾರಿ ಉಳಿಸಿದವರು ಸೌದೆ ಕಡಿಯೋರು: ಎಪ್ಪಿಂಗ್ ಕಾಡಿನ ಕಥೆ

ಈ ವಾರದ್ದು ಓಟದ ಕಥೆ. ಆದ್ರೆ ಶುರು ಮಾಡೋದು ಯಾರೂ ಗೆಲ್ಲದ ಒಂದು ರೇಸ್‌ನಿಂದ.

1876ನೇ ಇಸವಿ. ಇಂಗ್ಲೆಂಡಿನ ಮೊಟ್ಟಮೊದಲ ರಾಷ್ಟ್ರೀಯ ಕ್ರಾಸ್ ಕಂಟ್ರಿ ಚಾಂಪಿಯನ್‌ಶಿಪ್. ಜಾಗ, ಲಂಡನ್ನಿನ ಈಶಾನ್ಯ ದಿಕ್ಕಿಗಿರೋ ಎಪ್ಪಿಂಗ್ ಫಾರೆಸ್ಟ್. ಓಡೋಕೆ ನಿಂತವರು 32 ಜನ. ಆ ಕಾಡಿನೊಳಗೆ ಅಷ್ಟೂ ಜನ ದಾರಿ ತಪ್ಪಿದ್ರು! ಕೊನೆಗೆ ರೇಸೇ ರದ್ದು ಅಂತ ತೀರ್ಮಾನ ಮಾಡಿದ್ರು. ಮುಂದಿನ ವರ್ಷ ಜಾಗವನ್ನೇ ಬದಲಾಯಿಸಿದ್ರು.

ಇದನ್ನ ಕೇಳಿದಾಗ ಎಲ್ರಿಗೂ ನಗು ಬರುತ್ತೆ. ನನಗೆ ಕುತೂಹಲ ಹುಟ್ಟಿದ್ದು ಬೇರೆ ವಿಷಯಕ್ಕೆ. ಆ ವರ್ಷ ಆ ಕಾಡು ಕಾಡಾಗಿ ಉಳಿಯುತ್ತಾ ಅನ್ನೋದೇ ಪೂರ್ತಿ ಇತ್ಯರ್ಥ ಆಗಿರಲಿಲ್ಲ. ಇವತ್ತು ಅಲ್ಲಿ ಲಂಡನ್ನಿನ ಸಾವಿರಾರು ಜನ ಶೂ ಹಾಕ್ಕೊಂಡು, ಟಿಕೆಟ್ ಇಲ್ಲದೆ, ಯಾರ ಅನುಮತಿನೂ ಕೇಳದೆ ಓಡ್ತಾರೆ. ಆ ದಾರಿ ಅವರಿಗೆ ಹೇಗೆ ಸಿಕ್ತು?

ಮೊದಲು ಕಾಡಿನ ಪರಿಚಯ. ಸುಮಾರು 2,400 ಹೆಕ್ಟೇರ್, ಅಂದ್ರೆ ಆರು ಸಾವಿರ ಎಕರೆ ಲೆಕ್ಕ. ಬೀಚ್, ಓಕ್, ಹಾರ್ನ್‌ಬೀಮ್ ಮರಗಳು. ಚಳಿಗಾಲಕ್ಕೆ ಎಲೆ ಪೂರ್ತಿ ಉದುರಿ ಬೋಳಾಗುವ ಕಾಡು. ನೂರಾರು ವರ್ಷ ಇದು ರಾಜರ ಬೇಟೆಯ ಕಾಡಾಗಿತ್ತು. ಎಂಟನೇ ಹೆನ್ರಿಗಾಗಿ 1543ರಲ್ಲಿ ಕಟ್ಟಿಸಿದ ಬೇಟೆ ವೀಕ್ಷಣೆಯ ಮನೆ ಚಿಂಗ್‌ಫರ್ಡ್‌ನಲ್ಲಿ ಈಗಲೂ ಇದೆ. ಜಿಂಕೆ ರಾಜನದ್ದು, ನೆಲ ಊರಿನ ಜಮೀನ್ದಾರರದ್ದು. ಆದ್ರೆ ಸುತ್ತಲಿನ ಊರಿನವರಿಗೂ ಎರಡು ಹಳೇ ಹಕ್ಕು ಇದ್ದವು. ಒಂದು, ದನ ಮೇಯಿಸೋದು. ಇನ್ನೊಂದು, ಒಲೆಗೆ ಬೇಕಾದ ಟೊಂಗೆ ಸವರೋದು.

ಈ ಟೊಂಗೆ ಸವರೋ ಹಕ್ಕು ಲೌಟನ್ ಅನ್ನೋ ಊರಲ್ಲಿ ಗಟ್ಟಿಯಾಗಿತ್ತು. ನವೆಂಬರ್ 11ರ ಮಧ್ಯರಾತ್ರಿ ಗುಡ್ಡದ ಮೇಲೆ ಸೇರಿ ಮೊದಲ ಟೊಂಗೆ ಕಡೀಬೇಕು. ಅಲ್ಲಿಂದ ಏಪ್ರಿಲ್ 23ರ ತನಕ ಸವರಬಹುದು. ಒಂದು ವರ್ಷ ಆ ರಾತ್ರಿ ತಪ್ಪಿದ್ರೆ ಹಕ್ಕೇ ಹೋಗುತ್ತೆ ಅಂತ ಊರವರ ನಂಬಿಕೆ. ಜಮೀನ್ದಾರರು ಆ ಸಂಜೆ ಊರವರಿಗೆ ಚೆನ್ನಾಗಿ ಕುಡಿಸಿ ಮಲಗಿಸೋಕೆ ನೋಡಿದ್ರು ಅಂತ ಒಂದು ಕಥೆನೂ ಇದೆ. ನಿಜವೋ ಸುಳ್ಳೋ, ಕಥೆ ಮಾತ್ರ ಚೆನ್ನಾಗಿದೆ.

ಸವರಿದಲ್ಲೇ ಮತ್ತೆ ಚಿಗುರಿ, ಆಳೆತ್ತರದ ಮೇಲೆ ಬೆರಳು ಬಿಡಿಸಿದ ಕೈಯಂತೆ ಬೆಳೆದ ಮರಗಳಿಗೆ ಪೊಲಾರ್ಡ್ ಅಂತಾರೆ. ಎಪ್ಪಿಂಗ್‌ನಲ್ಲಿ ಇಂಥ ಹಳೇ ಮರಗಳು ಐವತ್ತು ಸಾವಿರಕ್ಕೂ ಹೆಚ್ಚಿವೆ. ಫೋಟೋದಲ್ಲಿ ಕಾಣೋ ಆ ಮಾಯಾಲೋಕದಂಥ ಮರಗಳೆಲ್ಲ ಬಡವರ ಕೊಡಲಿ ಮಾಡಿದ್ದು.

ಆಮೇಲೆ ರೈಲು ಬಂತು. ಲೌಟನ್‌ಗೆ 1856ರಲ್ಲಿ. ನಾನು ಕಾಮರ್ಸ್ ಓದಿದವನು, ಈ ಭಾಗ ನನಗೆ ಬೇಗ ಅರ್ಥ ಆಗುತ್ತೆ. ಲಂಡನ್ನಿಗೆ ಓಡಾಡೋಕೆ ರೈಲು ಇದೆ ಅಂದ ಕೂಡಲೇ ಮರದ ಕೆಳಗಿನ ನೆಲ ಸೈಟ್ ಆಗುತ್ತೆ. ಪಕ್ಕದ ಹೇನಾಲ್ಟ್ ಕಾಡಿಗೆ ಏನಾಯ್ತು ಅಂತ ಎಲ್ರೂ ನೋಡಿದ್ರು. 1851ರಲ್ಲಿ ಪಾರ್ಲಿಮೆಂಟೇ ಕಾನೂನು ಮಾಡಿ ಅದರ ಅರಣ್ಯದ ಸ್ಥಾನ ತೆಗೆದು ಹಾಕ್ತು. ನೋಡನೋಡ್ತಾ ಮರಗಳನ್ನ ಬೇರುಸಮೇತ ಕಿತ್ತು ಹೊಲ ಮಾಡಿದ್ರು.

ಲೌಟನ್ನಿನ ಜಮೀನ್ದಾರ ಜಾನ್ ವಿಟೇಕರ್ ಮೇಟ್ಲಂಡ್. ಆತನೇ ಆ ಊರಿನ ಪಾದ್ರಿ ಕೂಡ. 1860ರ ದಶಕದ ನಡುವೆ ಆತ ಸಾವಿರ ಎಕರೆಗೂ ಹೆಚ್ಚು ಕಾಡಿಗೆ ಬೇಲಿ ಹಾಕಿದ. ಥಾಮಸ್ ವಿಲ್ಲಿಂಗೇಲ್ ಅನ್ನೋ ವಯಸ್ಸಾದ ಸೌದೆ ಕಡಿಯುವವನ ಮನೆಯವರು ಬೇಲಿ ದಾಟಿ ಹೋಗಿ ಎಂದಿನಂತೆ ಟೊಂಗೆ ಸವರಿದ್ರು. 1866ರಲ್ಲಿ ಆ ಮನೆಯ ಮೂರು ಜನಕ್ಕೆ ಶಿಕ್ಷೆ ಆಯ್ತು. ದಂಡ ಕಟ್ಟಲ್ಲ ಅಂದ್ರು, ಏಳು ದಿನ ಜೈಲಿಗೆ ಹೋದ್ರು.

ಈ ಸುದ್ದಿ ಲಂಡನ್ ತಲುಪ್ತು. 1865ರಲ್ಲಿ ಹುಟ್ಟಿದ್ದ ಕಾಮನ್ಸ್ ಪ್ರಿಸರ್ವೇಶನ್ ಸೊಸೈಟಿ ಮುದುಕನ ಪರವಾಗಿ ಕೋರ್ಟಿಗೆ ಹೋಯ್ತು. ಆದ್ರೆ 1870ರಲ್ಲಿ ವಿಲ್ಲಿಂಗೇಲ್ ತೀರಿಕೊಂಡ. ಅವನ ಜೊತೆ ಕೇಸೂ ಮುಗೀತು.

ಕಾಡು ಉಳಿದಿದ್ದು ಮಾತ್ರ ಒಂದು ಸ್ಮಶಾನದಿಂದ. ಹೌದು, ಸ್ಮಶಾನ. ಲಂಡನ್ ನಗರಾಡಳಿತ, ಅಂದ್ರೆ ಸಿಟಿ ಆಫ್ ಲಂಡನ್ ಕಾರ್ಪೊರೇಶನ್, ಹೆಣ ಹೂಳೋಕೆ ಜಾಗ ಸಾಲದೆ ಕಾಡಿನ ದಕ್ಷಿಣದ ಅಂಚಿನಲ್ಲಿ ಸುಮಾರು 200 ಎಕರೆಯ ಒಂದು ಫಾರ್ಮ್ ಖರೀದಿ ಮಾಡಿತ್ತು. ಅರಣ್ಯದ ಎಲ್ಲೆಯೊಳಗೆ ಜಮೀನು ಇರೋರಿಗೆ ಇಡೀ ಕಾಡಿನಲ್ಲಿ ದನ ಮೇಯಿಸುವ ಹಕ್ಕು ಇತ್ತಲ್ಲ, ಅದು ಈ ಜಮೀನಿಗೂ ಅಂಟಿಕೊಂಡು ಬಂದಿತ್ತು. ಕಾರ್ಪೊರೇಶನ್ ಹತ್ರ ಬೇಕಾದಷ್ಟು ದುಡ್ಡು, ವಕೀಲರು. ಬೇಲಿ ಹಾಕಿದ್ರೆ ನಮ್ಮ ದನ ಎಲ್ಲಿ ಮೇಯಬೇಕು ಅಂತ 1871ರಲ್ಲಿ ಹತ್ತಾರು ಜಮೀನ್ದಾರರ ಮೇಲೆ ಒಟ್ಟಿಗೇ ದಾವೆ ಹೂಡ್ತು. 1874ರಲ್ಲಿ ಸರ್ ಜಾರ್ಜ್ ಜೆಸೆಲ್ ಕೊಟ್ಟ ತೀರ್ಪು: 1851ರಿಂದೀಚೆಗೆ ಹಾಕಿದ ಬೇಲಿಗಳೆಲ್ಲ ಕಾನೂನುಬಾಹಿರ. ಮುದುಕನ ಕೊಡಲಿ ಗೆಲ್ಲದ ಕೇಸನ್ನ ಸ್ಮಶಾನದ ಹಸು ಗೆದ್ದುಕೊಡ್ತು!

ಆಮೇಲೆ 1878ರ ಎಪ್ಪಿಂಗ್ ಫಾರೆಸ್ಟ್ ಕಾಯ್ದೆ. ಕಾಡು ಕಾರ್ಪೊರೇಶನ್ ಕೈಗೆ ಬಂತು, ಒಂದು ಷರತ್ತಿನ ಮೇಲೆ. ಬೇಲಿ ಹಾಕಬಾರದು, ಕಟ್ಟಡ ಕಟ್ಟಬಾರದು, ಜನರ ವಿಹಾರಕ್ಕೆ ಸದಾ ತೆರೆದಿರಬೇಕು. 1882ರ ಮೇ 6ರಂದು ವಿಕ್ಟೋರಿಯಾ ರಾಣಿ ಬಂದು ಕಾಡನ್ನ ಜನರಿಗೆ ಅರ್ಪಿಸಿದ್ಲು. ಆ ಭೇಟಿಗಾಗಿ ಮಾಡಿದ ಅಗಲದ ಹುಲ್ಲುದಾರಿಗೆ ಗ್ರೀನ್ ರೈಡ್ ಅಂತ ಹೆಸರು. ಈಗ ಅಲ್ಲಿ ಕುದುರೆ ಸವಾರರ ಜೊತೆ ಓಟಗಾರರೂ ಇರ್ತಾರೆ. ಕಾಯ್ದೆಗೆ ನೂರು ವರ್ಷ ತುಂಬಿದಾಗ ಗುರುತಿಸಿದ ಸೆಂಟೆನರಿ ವಾಕ್ ಮ್ಯಾನರ್ ಪಾರ್ಕ್‌ನಿಂದ ಎಪ್ಪಿಂಗ್ ತನಕ 15 ಮೈಲಿ, ಅಂದ್ರೆ ಒಂದು ಹಾಫ್ ಮ್ಯಾರಥಾನ್‌ಗಿಂತ ಸ್ವಲ್ಪ ಜಾಸ್ತಿ. 1911ರಲ್ಲಿ ಶುರುವಾದ ಓರಿಯನ್ ಹ್ಯಾರಿಯರ್ಸ್ ಕ್ಲಬ್ ಇವತ್ತಿಗೂ ಚಿಂಗ್‌ಫರ್ಡ್‌ನಿಂದ ಈ ಕಾಡಿಗೆ ಓಡುತ್ತೆ. ಹ್ಯಾರಿಯರ್ ಅಂದ್ರೆ ಮೊಲ ಅಟ್ಟಿಸಿಕೊಂಡು ಹೋಗೋ ಬೇಟೆನಾಯಿ. ರಾಜರ ಬೇಟೆಕಾಡಿನಲ್ಲಿ ಬೇಟೆನಾಯಿ ಹೆಸರಿಟ್ಕೊಂಡು ಗುಮಾಸ್ತರು, ಮೇಷ್ಟ್ರುಗಳು ಓಡೋದು ನನಗಂತೂ ಇಷ್ಟ ಆಯ್ತು.

ಹ್ಯಾಪಿ ಎಂಡಿಂಗ್ ಅನ್ಸುತ್ತೆ ಅಲ್ವಾ? ಸ್ವಲ್ಪ ತಡೀರಿ. ಅದೇ ಕಾಯ್ದೆ ಟೊಂಗೆ ಸವರುವ ಹಕ್ಕನ್ನ ತೆಗೆದು ಹಾಕ್ತು. ಓಡಾಡಬಹುದು, ಕಡಿಯೋ ಹಾಗಿಲ್ಲ. ಪರಿಹಾರ 7,000 ಪೌಂಡ್. ಅದರಲ್ಲಿ ಒಂದು ಪಾಲಿನಿಂದ ಲೌಟನ್‌ನಲ್ಲಿ ಊರವರಿಗಾಗಿ ಲಾಪಿಂಗ್ ಹಾಲ್ ಅಂತ ಒಂದು ಸಭಾಂಗಣ ಕಟ್ಟಿದ್ರು, 1884ರಲ್ಲಿ ತೆರೀತು. ಚಳಿಗೆ ಒಲೆ ಉರಿಸೋರಿಗೆ ಸಭಾಂಗಣ! ಸವರೋದು ನಿಂತ ಮೇಲೆ ಪೊಲಾರ್ಡ್ ಮರಗಳ ತಲೆ ಭಾರವಾಯ್ತು, ಟೊಂಗೆ ಸೀಳಿ ಬೀಳೋಕೆ ಶುರುವಾದವು, ನೆರಳು ದಟ್ಟವಾಗಿ ಕೆಳಗಿನ ಗಿಡಗಳು ಸತ್ತವು. ಇತ್ತೀಚಿನ ದಶಕಗಳಲ್ಲಿ ಕಾಡು ನೋಡಿಕೊಳ್ಳೋರೇ ಮತ್ತೆ ಮರ ಸವರೋಕೆ ಹೊರಟಿದ್ದಾರೆ.

ಈಗ ಆ ಇಸವಿ ಇನ್ನೊಂದ್ಸಲ ಕೇಳಿ. 1878. ಅದೇ ವರ್ಷ, ಅದೇ ರಾಣಿಯ ಹೆಸರಲ್ಲಿ, ಇಂಡಿಯನ್ ಫಾರೆಸ್ಟ್ ಆಕ್ಟ್ ಕೂಡ ಜಾರಿಗೆ ಬಂತು. ಮೈಸೂರು ಮತ್ತು ಮದ್ರಾಸಿನ ಕಾಡುಗಳಿಗೆ ಬೇರೆ ಕಾನೂನು ಇತ್ತು. ಆದ್ರೆ ನಮ್ಮ ಉತ್ತರ ಕನ್ನಡ ಆಗ ಬಾಂಬೆ ಪ್ರಾಂತ್ಯದಲ್ಲಿ ಇದ್ದಿದ್ದರಿಂದ ಈ ಕಾಯ್ದೆ ನೇರ ಅಲ್ಲಿಗೆ ಬಂತು. ರಿಸರ್ವ್ ಮಾಡ್ತೀವಿ ಅಂತ ಸರ್ಕಾರ ಪ್ರಕಟಣೆ ಹೊರಡಿಸಿದ ಮೇಲೆ, ನಿಮಗೇನಾದರೂ ಹಕ್ಕಿದ್ರೆ ಗೊತ್ತು ಮಾಡಿದ ಗಡುವಿನೊಳಗೆ ಬಂದು ಹೇಳಿ ಸಾಬೀತು ಮಾಡಬೇಕು. ಹೇಳದಿದ್ರೆ ಹಕ್ಕು ಹೋಯ್ತು. ಆಮೇಲೆ ಅಲ್ಲಿ ದನ ಬಿಟ್ರೂ ಅಪರಾಧ, ಸುಮ್ನೆ ಕಾಲಿಟ್ರೂ ಅಪರಾಧ.

ಹಳಿಯಾಳ, ಯಲ್ಲಾಪುರ ಕಡೆಯ ಎಲೆ ಉದುರೋ ತೇಗದ ಕಾಡಿನ ಮೇಲೆ ಸರ್ಕಾರಕ್ಕೆ ಮೊದಲಿಂದಲೂ ಕಣ್ಣಿತ್ತು. ಶಿರಸಿ, ಸಿದ್ದಾಪುರದ ಅಡಿಕೆ ತೋಟದವರು ಸೊಪ್ಪಿನಬೆಟ್ಟದಲ್ಲಿ ಮರ ಹತ್ತಿ ಸೊಪ್ಪು ಸವರಿ ತೋಟಕ್ಕೆ ಹಾಕ್ತಾರಲ್ಲ, ಲೌಟನ್ನಿನವರು ಮಾಡ್ತಿದ್ದಿದ್ದೂ ಹೆಚ್ಚು ಕಡಿಮೆ ಅದೇ ಕೆಲಸ. ಇಲ್ಲಿ ಅದನ್ನ ಹಕ್ಕು ಅಂತ ಒಪ್ಪದೆ, ಸರ್ಕಾರ ಕೊಟ್ಟ ಸವಲತ್ತು ಅಂತ ಬರೆದುಕೊಂಡ್ರು. ಸವಲತ್ತು ಅಂದ್ರೆ ಕೊಟ್ಟವರು ವಾಪಸ್ ತಗೋಬಹುದು. ಕೋರ್ಟಿಗೆ ಹೋಗೋಕೆ ನಮ್ಮ ಪರ ಶ್ರೀಮಂತ ಸ್ಮಶಾನ ಯಾವುದೂ ಇರಲಿಲ್ಲ. 1930ರ ಕಾಯ್ದೆ ಭಂಗ ಚಳವಳಿಯಲ್ಲಿ ಉತ್ತರ ಕನ್ನಡದವರು ಅರಣ್ಯ ಕಾನೂನನ್ನ ಬೇಕಂತಲೇ ಮುರಿದು ಜೈಲಿಗೆ ಹೋದ್ರು, ಆ ವಿಲ್ಲಿಂಗೇಲ್ ಮನೆಯವರ ಹಾಗೇ.

ಹುಲಿ ಇರೋ ಕಾಡಿಗೂ ಲಂಡನ್ ಪಕ್ಕದ ಕಾಡಿಗೂ ಒಂದೇ ನಿಯಮ ಇರಬೇಕು ಅಂತ ನಾನು ಹೇಳ್ತಿಲ್ಲ. ದಾಂಡೇಲಿಯಲ್ಲಿ ಬೆಳಗಿನ ಜಾವ ಇಯರ್‌ಫೋನ್ ಹಾಕ್ಕೊಂಡು ಓಡೋ ಆಸೆ ನನಗಿಲ್ಲ ಮಾರಾಯ್ರೆ. ಆದ್ರೆ ಗೇಟಿನ ಮುಂದೆ ಪ್ರವೇಶ ನಿಷೇಧ ಅನ್ನೋ ಬೋರ್ಡ್ ನೋಡಿದಾಗ, ಅದು ಪ್ರಾಣಿಗಳಿಗಾಗಿ ಬಂದಿದ್ದು ಎಷ್ಟು, ತೇಗದ ಲೆಕ್ಕದ ಪುಸ್ತಕದಿಂದ ಬಂದಿದ್ದು ಎಷ್ಟು ಅಂತ ನಾನು ಈಗ ಕೇಳಿಕೊಳ್ತೀನಿ.

ನಿಮ್ಮಲ್ಲಿ ಯಾರಾದ್ರೂ ಲಂಡನ್ನಿನಲ್ಲಿ ಕೂತು ಇದನ್ನ ಕೇಳ್ತಿದ್ರೆ, ಸೆಂಟ್ರಲ್ ಲೈನ್ ಹಿಡಿದು ಲೌಟನ್‌ನಲ್ಲಿ ಇಳೀರಿ. ಓಡೋಕೆ ಹೋಗೋ ಮೊದಲು ಲಾಪಿಂಗ್ ಹಾಲ್ ಮುಂದೆ ಎರಡು ನಿಮಿಷ ನಿಲ್ಲಿ. ಹಳೇ ಬಾಗಿಲ ಮೇಲೆ ಟೆರಾಕೋಟಾದಲ್ಲಿ ಟೊಂಗೆ ಸವರೋರನ್ನ ಕೆತ್ತಿದ್ದಾರೆ. ಫೋಟೋ ತೆಗೆದು ನನಗೂ ಕಳಿಸಿ.