ಹಲಗೆ ಹಿಂದಿನ ಕಥೆ
ದುಬೈಗೆ ಬಂದ ಹೊಸದು. ಎಸಿ ನೀರು ಸೋರಿ ಪಾರ್ಟಿಕಲ್ ಬೋರ್ಡ್ ನೆನೆದ ಅವಲಕ್ಕಿಯಂತೆ ಉಬ್ಬಿತು. ಸ್ಕ್ರೂ ಕಿತ್ತು ಸ್ವಿಚ್ ಬಾಕ್ಸ್ ನೇತಾಡಿತು; ಬೈಗುಳ ನನಗೆ. ಐಟಿಐಯಲ್ಲಿ ವೈರ್ ಕಲಿಸಿದ್ದರು, ಹಲಗೆ ಕಲಿಸಿರಲಿಲ್ಲ.

ಪ್ಲೈವುಡ್ ಇದಕ್ಕಿಂತ ಹಳೇದು. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 1905ರ ವಸ್ತುಪ್ರದರ್ಶನಕ್ಕೇ ಮೂರು ಪದರದ ಹಲಗೆ ಇಟ್ಟಿದ್ದರು. ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಅದಕ್ಕೇ ಸುಲಭಕ್ಕೆ ಸೀಳಲ್ಲ, ಸ್ಕ್ರೂ ಕಚ್ಚಿ ಹಿಡಿಯುತ್ತೆ. ಆದರೆ ಆಗಿನ ಅಂಟು ನೀರಿಗೆ ಬಿಟ್ಟುಕೊಳ್ಳುತ್ತಿತ್ತು. 1934ರಲ್ಲಿ ಜೇಮ್ಸ್ ನೆವಿನ್ ಎಂಬ ರಸಾಯನಶಾಸ್ತ್ರಜ್ಞ ಪೂರ್ತಿ ವಾಟರ್‌ಪ್ರೂಫ್ ಅಂಟು ಮಾಡಿದ ಮೇಲೆಯೇ ಪ್ಲೈವುಡ್ ಧೈರ್ಯವಾಗಿ ಮನೆ ಹೊರಗೆ ಬಂತು.

ಅದೇ ದಶಕದಲ್ಲಿ ಜರ್ಮನಿಯ ಮ್ಯಾಕ್ಸ್ ಹಿಮ್ಮೆಲ್‌ಹೆಬರ್, ವ್ಯರ್ಥವಾಗುವ ಮರದ ಚೂರುಗಳಿಗೆ ಅಂಟು ಹಾಕಿ ಒತ್ತಿ ಹಲಗೆ ಮಾಡಿದರು. ಮರ ಉಳಿಸಿದ ಪುಣ್ಯಾತ್ಮ, ಬೈಯೋಕೆ ಮನಸ್ಸು ಬರಲ್ಲ. ಆದರೆ ಚೂರಿನಲ್ಲಿ ಉದ್ದ ಎಳೆ ಎಲ್ಲಿ?

ಈಗ ತೂತು ಕೊರೆದ ಮೇಲೆ ಅಂಚು ನೋಡ್ತೀನಿ. ಪದರ ಕಂಡರೆ ಹಲಗೆಗೇ ಸ್ಕ್ರೂ. ಚೂರು ಕಂಡರೆ ಹಿಂದಿನ ಗೋಡೆಗೆ ಪ್ಲಗ್ ಹಾಕಿ ಉದ್ದ ಸ್ಕ್ರೂ ಬಿಗೀತೀನಿ.